ಲಿನಕ್ಸ್ ಹಾಕಿದ್ರೆ ವೈಫೈ ಕಾಣಲ್ಲ ಯಾಕೆ?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದ್ರೆ ಟಿಪಿಎಂ 2.0 ಬೇಕು, ಪ್ರೊಸೆಸರ್ ಕೂಡ ಹೊಸದಿರಬೇಕು. ಹಾಗಂತ ಚೆನ್ನಾಗಿ ಓಡ್ತಿರೋ ಲ್ಯಾಪ್‌ಟಾಪನ್ನು ಗುಜರಿಗೆ ಹಾಕೋಕೆ ಮನಸ್ಸು ಬರುತ್ತಾ? ಲಿನಕ್ಸ್ ಹಾಕೋದು ಒಳ್ಳೆಯ ದಾರಿ. ಆದರೆ ಹಾಕಿದವರು ನನಗೆ ಹೇಳೋ ದೂರು ಹೆಚ್ಚಾಗಿ ಒಂದೇ: ‘ಎಲ್ಲಾ ಸರಿ ಇದೆ, ವೈಫೈ ಮಾತ್ರ ಬರ್ತಿಲ್ಲ.’

ಇದಕ್ಕೆ ಕಾರಣ ಡ್ರೈವರ್. ಚಿಪ್ಪಿಗೂ ಲಿನಕ್ಸ್ ಕರ್ನಲ್‌ಗೂ ನಡುವೆ ಇರೋ ದುಭಾಷಿ ಅದು. ವಿಂಡೋಸ್‌ಗೆ ಆ ದುಭಾಷಿಯನ್ನು ಸಾಮಾನ್ಯವಾಗಿ ಚಿಪ್ ಕಂಪನಿಯೇ ಕೊಡುತ್ತದೆ. ಲಿನಕ್ಸ್‌ಗೆ ಕೆಲವರು ಕೊಡ್ತಾರೆ, ಕೆಲವರು ಚಿಪ್ಪಿನ ವಿವರವನ್ನೂ ಬಿಟ್ಟುಕೊಡಲ್ಲ. ಆಗ ಹೊರಗಿನವರು ಚಿಪ್ಪಿನ ನಡವಳಿಕೆ ನೋಡಿ ನೋಡಿ ಡ್ರೈವರ್ ಬರೀಬೇಕು. ಎನ್‌ವಿಡಿಯಾ ಗ್ರಾಫಿಕ್ಸ್‌ಗೆ ಇರೋ ‘ನೂವೋ’ ಡ್ರೈವರ್ ಹುಟ್ಟಿದ್ದೇ ಹೀಗೆ. ಲಿನಸ್ ಟೊರ್ವಾಲ್ಡ್ಸ್ 2012ರಲ್ಲಿ ಫಿನ್ಲೆಂಡಿನ ವೇದಿಕೆಯೊಂದರಲ್ಲಿ ಆ ಕಂಪನಿಯನ್ನು ಬಹಿರಂಗವಾಗಿ ಬೈದರು. ಕರ್ನಲ್ ಭಾಗದ ಕೋಡನ್ನು ಕಂಪನಿ ತೆರೆದಿಟ್ಟಿದ್ದು 2022ರಲ್ಲಿ. ಅಂದ್ರೆ, ವೈಫೈ ಬರದಿದ್ದರೆ ನಿಮಗೆ ಕಂಪ್ಯೂಟರ್ ಗೊತ್ತಿಲ್ಲ ಅಂತಲ್ಲ.

ಹಾಗಾದ್ರೆ ಏನು ಮಾಡೋದು? ಮೊದಲು ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಓಡಿಸಿ ನೋಡಿ. ಇದಕ್ಕೆ ಲೈವ್ ಯುಎಸ್‌ಬಿ ಅಂತಾರೆ. ಹಾರ್ಡ್‌ಡಿಸ್ಕ್ ಮುಟ್ಟದೆಯೇ ವೈಫೈ, ಸೌಂಡ್, ಕ್ಯಾಮೆರಾ, ಪ್ರಿಂಟರ್ ಎಲ್ಲಾ ಪರೀಕ್ಷೆ ಮಾಡಬಹುದು.

ನಮ್ಮನೆಯ ಹಳೇ ಲ್ಯಾಪ್‌ಟಾಪಲ್ಲೂ ವೈಫೈ ಬರಲಿಲ್ಲ. ನೆಟ್ ಇಲ್ಲದೆ ಡ್ರೈವರ್ ಇಳಿಸೋದು ಹೇಗೆ? ಮೊಬೈಲನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದೆ, ನೆಟ್ ಬಂತು. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಪಿಸಿಐ’ ಆದೇಶ ಕೊಟ್ಟಾಗ ವೈಫೈ ಚಿಪ್ಪಿನ ಹೆಸರು ಸಿಕ್ಕಿತು. ಹುಡುಕಬೇಕಾದ್ದು ಆ ಹೆಸರನ್ನು, ಲ್ಯಾಪ್‌ಟಾಪ್ ಬ್ರ್ಯಾಂಡನ್ನಲ್ಲ. ಇಲ್ಲದಿದ್ದದ್ದು ಫರ್ಮ್‌ವೇರ್ ಕಡತ ಮಾತ್ರ; ಹಾಕಿ ರೀಸ್ಟಾರ್ಟ್ ಮಾಡಿದೆ, ಸರಿಹೋಯ್ತು. 2023ರಲ್ಲಿ ಬಂದ ಡೆಬಿಯನ್ 12ರಿಂದ ಈಚೆಗೆ ಇಂಥ ಫರ್ಮ್‌ವೇರ್ ಇನ್‌ಸ್ಟಾಲರ್ ಜೊತೆಗೇ ಬರುತ್ತದೆ. ಬೆರಳಚ್ಚು ಓದುವ ಸಾಧನ ಮಾತ್ರ ನಮ್ಮಲ್ಲಿ ಇವತ್ತಿಗೂ ಸತ್ತೇ ಇದೆ. ಪಾಸ್‌ವರ್ಡ್ ಟೈಪ್ ಮಾಡ್ತೀವಿ, ಅಷ್ಟೇ.

ಏನೂ ಆಗದಿದ್ದರೆ ಪುಟ್ಟ ಯುಎಸ್‌ಬಿ ವೈಫೈ ಅಡಾಪ್ಟರ್ ಕೊಳ್ಳಿ. ಆದರೆ ಹುಷಾರು, ಒಂದೇ ಮಾಡೆಲ್ ಹೆಸರಲ್ಲಿ ಬೇರೆ ಬೇರೆ ಚಿಪ್ ಇರಬಹುದು. ಚಿಪ್ಪಿನ ಹೆಸರು ಕೇಳಿ, ಕರ್ನಲ್‌ನಲ್ಲೇ ಬೆಂಬಲ ಇದೆಯಾ ನೋಡಿ, ಆಮೇಲೆ ದುಡ್ಡು ಕೊಡಿ. ಪ್ರಿಂಟರ್ ಕೊಳ್ಳೋವಾಗ ‘ಏರ್‌ಪ್ರಿಂಟ್’ ಇದೆಯಾ ಗಮನಿಸಿ. ಅಂಥವು ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಪ್ರತ್ಯೇಕ ಡ್ರೈವರ್ ಇಲ್ಲದೆ ನಡೆಯುತ್ತವೆ.

ಇನ್ನೊಂದು ಮಾತು. ನಿಮ್ಮ ಹೊಟ್ಟೆಪಾಡು ಒಂದು ಸ್ಕ್ಯಾನರನ್ನೋ ಮತ್ತೊಂದು ಯಂತ್ರವನ್ನೋ ನಂಬಿಕೊಂಡಿದ್ದು, ಅದು ಲೈವ್ ಯುಎಸ್‌ಬಿಯಲ್ಲಿ ನಡೆಯದಿದ್ದರೆ, ಅವಸರ ಮಾಡಿ ವಿಂಡೋಸ್ ಅಳಿಸಬೇಡಿ. ಪರೀಕ್ಷೆಗೆ ಒಂದು ಸಂಜೆ ಸಾಕು. ಯಂತ್ರ ಉಳಿದರೆ ಇನ್ನೂ ಕೆಲವು ವರ್ಷ ಮನೆಗೆ ಆಗುತ್ತೆ.