ಗಡಿಯಾರ ಗೋಪುರದ ಕೆಳಗೆ

ಬೆಂಗಳೂರಿನ ಮೆಜೆಸ್ಟಿಕ್‌ನಿಂದ ವಿಧಾನಸೌಧದ ಕಡೆಗೆ ಮೆಟ್ರೋ ಹತ್ತಿದರೆ ನಡುವೆ ಒಂದು ನಿಲ್ದಾಣ: ಸರ್ ಎಂ. ವಿಶ್ವೇಶ್ವರಯ್ಯ, ಸೆಂಟ್ರಲ್ ಕಾಲೇಜು. ಅವಸರವಿಲ್ಲದಿದ್ದರೆ ಅಲ್ಲೊಮ್ಮೆ ಇಳಿಯಿರಿ. ಗೋಥಿಕ್ ಶೈಲಿಯ ಹಳೆಯ ಕಟ್ಟಡ, ಚೂಪು ತುದಿಯ ಕಮಾನುಗಳು, ಮೇಲೆ ಗಡಿಯಾರದ ಗೋಪುರ. ಇಗರ್ಜಿಯೊಂದು ದಾರಿ ತಪ್ಪಿ ಬಂದು ಮೇಷ್ಟರಾಗಿ ನಿಂತಂತೆ ಕಾಣುತ್ತದೆ, ನನ್ನ ಕಣ್ಣಿಗಂತೂ.

1858ರಲ್ಲಿ ಇದು ಬರೀ ಬೆಂಗಳೂರು ಹೈಸ್ಕೂಲು. ಮೊದಲ ಮುಖ್ಯಸ್ಥರು ಜಾನ್ ಗ್ಯಾರೆಟ್, ವೆಸ್ಲಿಯನ್ ಮಿಷನ್ನಿನ ಪಾದ್ರಿ. ಪಾದ್ರಿಯೇನೋ ಹೌದು, ಆದರೆ ಅದಕ್ಕೂ ಮೊದಲೇ ಭಗವದ್ಗೀತೆಯನ್ನು ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಇದೇ ಊರಿನಲ್ಲಿ ಅಚ್ಚು ಹಾಕಿಸಿದ ಪುಣ್ಯಾತ್ಮ! 1875ಕ್ಕೆ ಸೆಂಟ್ರಲ್ ಕಾಲೇಜು ಎಂಬ ಹೆಸರು ಬಂತು. ಆಮೇಲಿನ ಪ್ರಿನ್ಸಿಪಾಲ್ ಚಾರ್ಲ್ಸ್ ವಾಟರ್ಸ್, ಮನೆಪಾಠ ಹೇಳಿಕೊಂಡು ಓದುತ್ತಿದ್ದ ಮುದ್ದೇನಹಳ್ಳಿಯ ಹುಡುಗನಿಗೆ ವೆಬ್‌ಸ್ಟರ್ ನಿಘಂಟು ಕೊಟ್ಟ ಕಥೆ ನಿಮಗೆಲ್ಲ ಗೊತ್ತಿರುವುದೇ. ಆ ಹುಡುಗ 1881ರಲ್ಲಿ ಬಿ.ಎ. ಮುಗಿಸಿದ. ನಿಲ್ದಾಣದ ಹೆಸರು ಅವನದೇ.

ನನಗೆ ಇಷ್ಟವಾದವರು ಬೇರೆ. ಜಾನ್ ಗಥ್ರಿ ಟೇಟ್! ಇಂಗ್ಲಿಷ್ ಪ್ರೊಫೆಸರ್, ಮುಂದೆ ಪ್ರಿನ್ಸಿಪಾಲ್. ತಂದೆ ಎಡಿನ್‌ಬರೊದ ಪ್ರಸಿದ್ಧ ಭೌತವಿಜ್ಞಾನಿ ಪೀಟರ್ ಗಥ್ರಿ ಟೇಟ್. ಹಗ್ಗದ ಗಂಟುಗಳಿಗೂ ಗಣಿತ ಹುಡುಕಿದ ಮಹಾಶಯ. ತಮ್ಮ ಫ್ರೆಡ್ಡಿ ಗಾಲ್ಫ್ ಚಾಂಪಿಯನ್. 1900ರಲ್ಲಿ ಬೋಯರ್ ಯುದ್ಧದಲ್ಲಿ ಸತ್ತುಹೋದ. ನಮ್ಮ ಟೇಟ್ ಸಾಹೇಬರು 1880ರಲ್ಲಿ ಸ್ಕಾಟ್ಲೆಂಡ್ ತಂಡದಲ್ಲಿ ರಗ್ಬಿ ಆಡಿದವರು. ಕಟ್ಟುಮಸ್ತಾದ ಆ ಆಟಗಾರ ಬೆಂಗಳೂರಿಗೆ ಬಂದು, ಕಚ್ಚೆಪಂಚೆಯ ಹುಡುಗರ ಮುಂದೆ ನಿಂತು ಇಂಗ್ಲಿಷ್ ಸಾಹಿತ್ಯ ಹೇಳುವುದನ್ನು ಸ್ವಲ್ಪ ಊಹಿಸಿಕೊಳ್ಳಿ. ಆ ಬೆಂಚುಗಳ ಮೇಲೆ ಕೂತಿದ್ದವರಲ್ಲಿ ಸೇಲಂ ಕಡೆಯ ಒಬ್ಬ ಹುಡುಗನೂ ಇದ್ದ. ರಾಜಗೋಪಾಲಾಚಾರಿ, ಮುಂದೆ ನಮ್ಮ ದೇಶದ ಗವರ್ನರ್ ಜನರಲ್. ಟೇಟ್ ನಿವೃತ್ತರಾದ ಮೇಲೂ ಸುಮ್ಮನೆ ಕೂರಲಿಲ್ಲ. ವಾಲ್ಟರ್ ಸ್ಕಾಟನ ದಿನಚರಿಯನ್ನು ಸಂಪಾದಿಸಿ ಪ್ರಕಟಿಸತೊಡಗಿದಾಗ ಅವರಿಗೆ ಎಂಬತ್ತು ಹತ್ತಿರ ಹತ್ತಿರ.

ಹೀಗೆ ಪಾಠವೆಲ್ಲ ಇಂಗ್ಲಿಷ್, ಕಮಾನುಗಳೂ ವಿಲಾಯಿತಿಯವು. ಅಲ್ಲಿ ಕನ್ನಡಕ್ಕೆ ಎಲ್ಲಿಯ ಜಾಗ ಅನ್ನುತ್ತೀರೇನು? ಆ ಜಾಗ ಮಾಡಿಕೊಟ್ಟವರು ಅಲ್ಲಿಯೇ ಪಾಠ ಹೇಳುತ್ತಿದ್ದ ಎ.ಆರ್. ಕೃಷ್ಣಶಾಸ್ತ್ರಿಗಳು. ಮುಂದೆ ‘ವಚನ ಭಾರತ’ ಬರೆದರಲ್ಲ, ಅವರೇ. ಹುಡುಗರನ್ನು ಸೇರಿಸಿ ಕರ್ಣಾಟಕ ಸಂಘ ಕಟ್ಟಿದರು. 1919ರಲ್ಲಿ ಸಂಘದಿಂದ ‘ಪ್ರಬುದ್ಧ ಕರ್ನಾಟಕ’ ಎಂಬ ತ್ರೈಮಾಸಿಕ ಹೊರಟಿತು. ಪತ್ರಿಕೆ ಆಮೇಲೆ ಮೈಸೂರು ವಿಶ್ವವಿದ್ಯಾನಿಲಯದ ಕೈ ಸೇರಿತು.

1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವೂ ಈ ಕಾಲೇಜನ್ನು ನೆಚ್ಚಿಕೊಂಡೇ ಶುರುವಾಯಿತು. ಬೆಳೆದು ಜ್ಞಾನಭಾರತಿ ಆವರಣಕ್ಕೆ ಹೋಯಿತು. ಪತ್ರಿಕೆ ಹೋಯಿತು, ವಿಶ್ವವಿದ್ಯಾಲಯವೂ ಹೋಯಿತು. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ! ಅದಕ್ಕೇ ‘ಪ್ರಬುದ್ಧ ಕರ್ನಾಟಕ’ ಹುಟ್ಟಿದ್ದು ಮೈಸೂರಿನಲ್ಲಿ ಎಂದು ಯಾರಾದರೂ ಅಂದರೆ ನಾನು ಬಿಡುವುದಿಲ್ಲ. ಮೈಸೂರಿನ ಗೆಳೆಯರು ರೇಡಿಯೋ ಹಾಕಿಕೊಂಡಿದ್ದರೆ ಚೆನ್ನಾಗಿ ಕೇಳಿಸಿಕೊಳ್ಳಲಿ: ಅದರ ತವರು ಬೆಂಗಳೂರು.