ನೀರು ಎಲ್ಲೀಗಂಟ ಬಂದಿತ್ತು?



ಪದವಿ ಪಡೆದ ನಿಮಗೆಲ್ಲ ಅಭಿನಂದನೆ. ಇವತ್ತು ಇದನ್ನು ಎಲ್ಲರೂ ಹೇಳುತ್ತಾರೆ. ನಾನು ರಸ್ತೆ ಕೆಲಸ ಮಾಡಿಸಿ ನಿವೃತ್ತನಾದ ಇಂಜಿನಿಯರ್, ರಸ್ತೆಯ ಮಾತನ್ನೇ ಆಡುತ್ತೇನೆ.

ಚನ್ನಪಟ್ಟಣದ ಪಕ್ಕದ ದೊಡ್ಡಮಳೂರು ನನ್ನ ಹುಟ್ಟೂರು. ಅಲ್ಲಿನ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲು ಹರಕೆ ಹೊತ್ತವರು ಮೈಸೂರು ರಸ್ತೆಯಲ್ಲಿ ಬಸ್ಸಿಳಿದು ಬರುತ್ತಿದ್ದರು, ಹೋಗುವಾಗ ಚನ್ನಪಟ್ಟಣದ ಗೊಂಬೆ ಕೊಳ್ಳುತ್ತಿದ್ದರು. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು, ವಾಹನಗಳು ಚನ್ನಪಟ್ಟಣದ ಒಳಗೆ ಬರದೆ ಹೊರಗಿನಿಂದಲೇ ಹೋಗತೊಡಗಿದವು. ಮೂರು ಗಂಟೆ ಹಿಡಿಯುತ್ತಿದ್ದ ದಾರಿ ಈಗ ಅರ್ಧ ಹೊತ್ತಿನಲ್ಲಿ ಮುಗಿಯುತ್ತದೆ. ಗೊಂಬೆ ಅಂಗಡಿಗಳಿಗೆ ಗಿರಾಕಿ ಕಡಿಮೆಯಾದರು. ಆದರೂ ರಸ್ತೆ ಬೇಡವಿತ್ತು ಎನ್ನಲಾರೆ. ಆಂಬುಲೆನ್ಸ್‌ನಲ್ಲಿ ಮಲಗಿದವರ ಮನೆಯವರಿಗೆ ಆ ಉಳಿದ ಹೊತ್ತಿನ ಬೆಲೆ ಗೊತ್ತು. ನನ್ನ ಚಿಂತೆ ಬೇರೆ, ಊರಿನ ಹಳಬರ ಮಾತು ಕೇಳುವವರು ಕಡಿಮೆಯಾಗಿರುವುದು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೊಬ್ಬ ಮೇಲಧಿಕಾರಿ ಇದ್ದರು. ಸ್ಥಳ ಪರಿಶೀಲನೆಗೆ ಹೊರಟರೆ ಜೀಪನ್ನು ದೂರದಲ್ಲೇ ನಿಲ್ಲಿಸಿ ನಡೆದು ಬರುತ್ತಿದ್ದರು. ಒಮ್ಮೆ ಹಳ್ಳಕ್ಕೆ ಮೋರಿ ಕಟ್ಟಬೇಕಿತ್ತು. ನಾನು ನಕ್ಷೆ ಬಿಚ್ಚಿದೆ. ಅವರು ಅದನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು, ಅಲ್ಲೇ ಬಟ್ಟೆ ಒಗೆಯುತ್ತಿದ್ದ ಮುದುಕಿಯ ಹತ್ತಿರ ಹೋದರು. "ಅಮ್ಮ, ದೊಡ್ಡ ಮಳೆ ಬಂದಾಗ ನೀರು ಎಲ್ಲೀಗಂಟ ಬಂದಿತ್ತು?" ಆಕೆ ದೂರದ ಹುಣಸೆಮರ ತೋರಿಸಿ, "ಆ ಮರದ ಬೊಡ್ಡೆ ಮುಳುಗೋಗಿತ್ತು ಕಣಪ್ಪ, ನನ್ನ ಮಗ ಕೈಗೂಸಾಗಿದ್ದ" ಎಂದಳು. ಮಗನ ವಯಸ್ಸು ಕೇಳಿ ಅವರು ವರ್ಷದ ಲೆಕ್ಕ ಹಾಕಿದರು. ಮರದ ಬುಡದ ಮಟ್ಟ ಅಳೆಸಿದರು. ಆಕೆ ಹೇಳಿದ್ದನ್ನು ಫೀಲ್ಡ್ ಬುಕ್ಕಿನಲ್ಲಿ ತಾರೀಖು ಹಾಕಿ ನನ್ನಿಂದಲೇ ಬರೆಸಿದರು. ಎರಡು ಕಣ್ಣಿನ ಮೋರಿ ಮೂರು ಕಣ್ಣಿನದಾಯಿತು. ಖರ್ಚು ಹೆಚ್ಚಿತೆಂದು ಕಚೇರಿಯಲ್ಲಿ ತಕರಾರು ಬಂತು, ಅವರು ಜಗ್ಗಲಿಲ್ಲ. ಆ ಮೋರಿ ಇವತ್ತಿಗೂ ಗಟ್ಟಿಯಾಗಿದೆ. ಕಾಲೇಜಿನಲ್ಲಿ ಯಾರೂ ನನಗೆ ಆ ಪಾಠ ಹೇಳಿರಲಿಲ್ಲ.

2022ರ ಆಗಸ್ಟ್ ಕೊನೆಯಲ್ಲಿ ಉದ್ಘಾಟನೆಗೂ ಮುಂಚೆಯೇ, ರಾಮನಗರದ ಬಳಿ ಈ ಹೊಸ ಹೆದ್ದಾರಿಯಲ್ಲೇ ನೀರು ತುಂಬಿ ವಾಹನಗಳು ಸಿಕ್ಕಿಕೊಂಡಾಗ ನನಗೆ ಆ ಮುದುಕಿಯ ನೆನಪಾಯಿತು. ಅದು ಭಾರೀ ಮಳೆ, ಒಪ್ಪುತ್ತೇನೆ. ಆದರೆ ಕೆರೆ ಎಲ್ಲಿ ಕೋಡಿ ಬೀಳುತ್ತದೆ, ಆ ನೀರು ಯಾವ ಹಳ್ಳ ಹಿಡಿಯುತ್ತದೆ ಎಂಬುದು ಊರಿನ ಹಳಬರಿಗೆ ಗೊತ್ತಿರುತ್ತದೆ. ಅವರು ಹೋದಮೇಲೆ ಯಾರನ್ನು ಕೇಳುತ್ತೀರಿ?

ರಾಮನಗರದ ಜಾನಪದ ಲೋಕ ನೋಡಿದ್ದೀರಲ್ಲ. ಅದನ್ನು ಕಟ್ಟಿದ ಎಚ್.ಎಲ್. ನಾಗೇಗೌಡರು ಐಎಎಸ್ ಅಧಿಕಾರಿಯಾಗಿದ್ದವರು. ಅಂಥವರು ಓದುಬರಹ ಬಾರದವರ ಮುಂದೆ ಕೂತು ಅವರ ಹಾಡು, ಕಥೆ ಕೇಳಿದರು, ಸಂಗ್ರಹಿಸಿದರು. ನಿಮಗೋ, ಅಜ್ಜಿ ಒಂದು ಮಾತು ಮುಗಿಸುವಷ್ಟು ತಾಳ್ಮೆಯಿಲ್ಲ, ಅಷ್ಟರಲ್ಲಿ ಕೈ ಮೊಬೈಲಿಗೆ ಹೋಗಿರುತ್ತದೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ದಾರಿಯ ಅರ್ಧ ಹೊತ್ತು ಉಳಿಸಿ ಅದನ್ನು ಯಾರಿಗೆ ಕೊಟ್ಟಿರಿ?

ಕೆಲಸಕ್ಕೆ ಸೇರುವ ನಿಮಗೆ ಒಂದೆರಡು ಕಿವಿಮಾತು. ಮೊದಲ ಸಂಬಳದಲ್ಲಿ ಒಳ್ಳೆಯ ಹೆಲ್ಮೆಟ್ ಕೊಳ್ಳಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥಕ್ಕೆ ಬೈಕು ಬಿಡುವುದಿಲ್ಲ, ನುಗ್ಗಬೇಡಿ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿಯುವ ಮುಂಚೆ ಮಳೆಗಾಲದಲ್ಲಿ ನೀರು ನುಗ್ಗುತ್ತದೆಯೇ ಎಂದು ಬೀದಿ ಕೊನೆಯ ಅಂಗಡಿಯವರನ್ನು ಕೇಳಿ. ಮನೆ ಮಾಲೀಕರು ಹೇಳುವುದಿಲ್ಲ.

ಊರು ಬಿಡುವ ಮೊದಲು ಇನ್ನೊಂದು ಕೆಲಸ ಮಾಡಿ. ಒಂದು ನೋಟ್‌ಬುಕ್ ತೆಗೆದುಕೊಂಡು ನಿಮ್ಮ ಬೀದಿಯ ಅತಿ ಹಿರಿಯರ ಬಳಿ ಹೋಗಿ. ಕಣ್ವ ನದಿ ತುಂಬಿ ಬಂದದ್ದು ಯಾವಾಗ, ಬಾವಿ ಬತ್ತಿದ್ದು ಯಾವ ವರ್ಷ, ಯಾವ ಗದ್ದೆಯಲ್ಲಿ ಏನು ಬೆಳೆಯುತ್ತಿದ್ದರು ಎಂದು ಕೇಳಿ, ತಾರೀಖು ಹಾಕಿ ಬರೆದುಕೊಳ್ಳಿ. ಮುಂದಿನ ಮಳೆಗಾಲದವರೆಗೆ ಕಾಯಬೇಡಿ. ಈ ಭಾನುವಾರವೇ ಹೋಗಿ.