ಕಣ್ಣಿಗೆ ಕಾಣದ ನೋವಿನೊಡನೆ ದಿನನಿತ್ಯದ ಬಾಳು

(ಶತಮಾನೋತ್ಸವದ ಅಂಗವಾಗಿ ರೋಗಿಗಳ ದಿನದಂದು ವಿಚಾರಣೆ ಗುರುಗಳು ಮಾಡಿದ ಉಪನ್ಯಾಸದ ಲಿಖಿತ ರೂಪ)



ಇಂದು ಫೆಬ್ರವರಿ 11, ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಘೋಷಿಸಿದರು. ಈ ಸಂದರ್ಭದಲ್ಲಿ ನಾಲ್ಕು ಮಾತನಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಮುರಿದ ಕಾಲು, ಪಾರ್ಶ್ವವಾಯು, ಕಾಮಾಲೆಗಳ ವಿಚಾರ ಬೇಡವೆನಿಸಿತು. ಅಂತಹ ರೋಗಿಗಳ ಮನೆಗೆ ನೀವು ಕರೆಯದೆಯೇ ಹಣ್ಣು, ಬ್ರೆಡ್ಡು ಹಿಡಿದು ಹೋಗುತ್ತೀರಿ. ಯಾರೂ ಹಣ್ಣು ಹಿಡಿದು ಹೋಗದ ಒಂದು ಕಾಯಿಲೆಯಿದೆ. ಅದರ ಬಗೆಗೆ ಮಾತನಾಡುತ್ತೇನೆ.

ಅದರ ಹೆಸರು ಫೈಬ್ರೊಮಯಾಲ್ಜಿಯ. ಗುರುಮಠದಲ್ಲಿ ಕಲಿತ ಭಾಷೆಗಳು ಇಲ್ಲಿ ಸ್ವಲ್ಪ ಉಪಯೋಗಕ್ಕೆ ಬಂದವು. ಲ್ಯಾಟಿನ್ನಿನಲ್ಲಿ 'ಫೀಬ್ರ' ಎಂದರೆ ನಾರು, ಗ್ರೀಕಿನಲ್ಲಿ 'ಮ್ಯೂಸ್' ಎಂದರೆ ಮಾಂಸಖಂಡ, 'ಆಲ್ಗೊಸ್' ಎಂದರೆ ನೋವು. ಆದರೆ ಹೆಸರು ಹೇಳುವಂತೆ ಇದು ನಾರಿನ ದೋಷವೂ ಅಲ್ಲ, ಮಾಂಸಖಂಡದ ದೋಷವೂ ಅಲ್ಲವೆಂಬುದು ಈಗ ವೈದ್ಯರ ಅಭಿಪ್ರಾಯ. ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ ಯಾವ ಗ್ರೀಕೂ ಇಲ್ಲದೆ ಹೇಳಿದ ಮಾತೇ ಹೆಚ್ಚು ಸರಿ: "ಇಂಥಾ ಜಾಗ ಅಂತ ತೋರ್ಸಕಾಗಲ್ಲ ಸ್ವಾಮಿ, ಮೈಯೆಲ್ಲಾ ನೋಯ್ತದೆ."

ಆ ತಾಯಿಯ ಅನುಮತಿ ಪಡೆದೇ ಹೇಳುತ್ತಿದ್ದೇನೆ. ಮುಂಜಾನೆ ಐದಕ್ಕೆ ಎಚ್ಚರವಾದರೂ ಬೆರಳುಗಳು ಮಡಿಚಿಕೊಳ್ಳಲು ಒಂದು ಗಂಟೆ ಹಿಡಿಯುತ್ತದೆ. ರಾತ್ರಿಯೆಲ್ಲ ಮಲಗಿದ್ದರೂ ನಿದ್ರೆ ಮಾಡಿದಂತಿರುವುದಿಲ್ಲ. ಹಸುವಿನ ಹಾಲು ಕರೆಯುವಾಗ ಮೊಣಕೈ, ಕೊಡ ಎತ್ತುವಾಗ ಕತ್ತು, ಹಿಟ್ಟಿನ ಕೋಲು ತಿರುವುವಾಗ ಭುಜ. ಮೊಮ್ಮಗು ಅಕ್ಕರೆಯಿಂದ ತೋಳು ಹಿಡಿದರೂ ಗಾಯವನ್ನು ಅದುಮಿದಂತಾಗುತ್ತದೆ. ಒಲೆಯ ಮೇಲೆ ಇಟ್ಟುದನ್ನು ಮರೆಯುತ್ತಾರೆ. ಇಷ್ಟಾದರೂ ಮುಖದಲ್ಲಿ ರೋಗಿಯ ಕಳೆಯಿಲ್ಲ, ಕೀಲುಗಳು ಊದಿಲ್ಲ, ಜ್ವರವಿಲ್ಲ. ಅಪರೂಪಕ್ಕೆ ಮೈ ಹಗುರವಾದ ದಿನ ಅವರು ಹಿಂದುಳಿದ ಕೆಲಸವನ್ನೆಲ್ಲ ಒಮ್ಮೆಲೇ ಮುಗಿಸಲು ಹೊರಡುತ್ತಾರೆ. ಬಟ್ಟೆ ಒಗೆಯುತ್ತಾರೆ, ರಾಗಿ ಹೊಲದ ಕಳೆ ಕೀಳುತ್ತಾರೆ. ಮರುದಿನದಿಂದ ಮೂರು ದಿನ ಚಾಪೆ ಬಿಟ್ಟು ಏಳಲಾರರು. ಆಗ ಮನೆಯವರ ಬಾಯಿಂದ ಬರುವ ಮಾತು ನಿಮಗೆಲ್ಲ ಪರಿಚಿತವೇ: "ನಿನ್ನೆ ಅಷ್ಟು ಕೆಲಸ ಮಾಡಿದವಳಿಗೆ ಇವತ್ತೇನು ಬಂತು?" ಆ ಪ್ರಶ್ನೆಗೆ ಉತ್ತರ ಪ್ರಶ್ನೆಯಲ್ಲಿಯೇ ಇದೆ. ನಿನ್ನೆ ಅಷ್ಟು ಕೆಲಸ ಮಾಡಿದ್ದರಿಂದಲೇ ಇಂದು ಹೀಗಾಗಿದೆ.

ಈ ಮಲೆಸೀಮೆಯಲ್ಲಿ ವೈದ್ಯರನ್ನು ಕಾಣುವುದೆಂದರೆ ಸುಲಭದ ಮಾತಲ್ಲ. ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೇ 70 ಕಿಲೋಮೀಟರಿಗೂ ಮಿಗಿಲಾದ ದಾರಿ. ಅಲ್ಲಿಂದ ಮುಂದೆ ಮೈಸೂರಿಗೆ, ಇಲ್ಲವೇ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಚಾಮರಾಜನಗರಕ್ಕೆ ಹೋಗಬೇಕು. ಒಂದು ದಿನದ ಕೂಲಿ, ಬಸ್ಸಿನ ಹಣ, ರಕ್ತ ಪರೀಕ್ಷೆ, ಎಕ್ಸ್‌ರೇ. ಎಲ್ಲ ಮುಗಿದ ಮೇಲೆ ದೊರೆಯುವ ಉತ್ತರ: 'ಏನೂ ಇಲ್ಲ.' ರಕ್ತದಲ್ಲಿ ಏನೂ ಇಲ್ಲವೆಂದು ವೈದ್ಯರು ಹೇಳಿದ್ದನ್ನು ನೋವೇ ಇಲ್ಲವೆಂದು ಮನೆಯವರು ತಿಳಿಯುತ್ತಾರೆ. ಬಳಿಕ ಸೋಮಾರಿಯೆಂಬ ಹೆಸರು, ಗಾಳಿ ಸೋಕಿದೆಯೆಂಬ ಅನುಮಾನ, ತಾಯಿತ, ಯಂತ್ರ.

ನಮ್ಮ ಹಬ್ಬದ ದಿನದ ಧ್ವನಿವರ್ಧಕವನ್ನು ನೆನೆದುಕೊಳ್ಳಿರಿ. ಅದರ ತಿರುಗಣೆಯನ್ನು ಕೊನೆಯವರೆಗೆ ತಿರುಗಿಸಿಟ್ಟರೆ ನನ್ನ ಉಸಿರು ಸಹ ಬಿರುಗಾಳಿಯಂತೆ ಕೇಳುತ್ತದೆ. ಈ ರೋಗಿಗಳಲ್ಲಿ ಮಿದುಳು ಮತ್ತು ನರಮಂಡಲ ನೋವಿನ ಸಂದೇಶವನ್ನು ಹಾಗೆ ಹಿಗ್ಗಿಸುತ್ತವೆ. ಧ್ವನಿ ಸುಳ್ಳಲ್ಲ, ಕೇಳುವವರಿಗೆ ಕಿವಿ ಒಡೆಯುವಷ್ಟು ನಿಜ. ಆದರೆ ದೋಷವಿರುವ ಸ್ಥಳವನ್ನು ಎಕ್ಸ್‌ರೇ ತೋರಿಸಲಾರದು. 1990ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಸ್ಥೆ ಮೈಮೇಲಿನ 18 ಬಿಂದುಗಳನ್ನು ಗುರುತಿಸಿ, ಒತ್ತಿದಾಗ 11ರಲ್ಲಿಯಾದರೂ ನೋವಿರಬೇಕೆಂದು ವಿಧಿಸಿತು. 2010ರಲ್ಲಿ ಬೇರೊಂದು ಮಾನದಂಡ ಬಂದಿತು. ಮೈಯ ಎಷ್ಟು ಭಾಗಗಳಲ್ಲಿ ನೋವಿದೆ, ಆಯಾಸ, ನಿದ್ರೆ, ಮರೆವುಗಳ ಸ್ಥಿತಿ ಏನು, ಕನಿಷ್ಠ ಮೂರು ತಿಂಗಳಿಂದ ಹೀಗಿದೆಯೇ ಎಂದು ರೋಗಿಯನ್ನೇ ಕೇಳಿ ನಿರ್ಧರಿಸುವ ಕ್ರಮವದು. ರೋಗಿಯ ಮಾತಿಗೆ ಬೆಲೆ ಬಂದಿತಲ್ಲ ಎಂದು ನನಗೆ ಸಂತೋಷ.

ಸ್ತ್ರೀಯರಲ್ಲಿ ಇದು ಹೆಚ್ಚು. ಪುರುಷರಲ್ಲಿ ಇಲ್ಲವೆಂದಲ್ಲ, ಅವರು ಹೇಳಿಕೊಳ್ಳುವುದು ಕಡಿಮೆ. 2006ರ ಚಿಕುನ್‌ಗುನ್ಯಾ ನಿಮಗೆ ನೆನಪಿರಬೇಕು. ಆ ಸಾಲಿನಲ್ಲಿ ಕರ್ನಾಟಕವೊಂದರಲ್ಲೇ ಏಳು ಲಕ್ಷಕ್ಕೂ ಅಧಿಕ ಮಂದಿಗೆ ಆ ಜ್ವರ ತಗಲಿರುವ ಶಂಕೆಯಿತ್ತು. ಜ್ವರ ವಾರದಲ್ಲಿ ಇಳಿದರೂ ಕೆಲವರ ಮೈನೋವು ತಿಂಗಳು, ವರ್ಷಗಳ ಕಾಲ ಉಳಿಯಿತು. ಅಂತಹವರಲ್ಲಿ ಕೆಲವರ ನೋವು ಈ ಕಾಯಿಲೆಯ ಲಕ್ಷಣಗಳಿಗೆ ಹೊಂದುತ್ತದೆಂದು ವೈದ್ಯರು ಗುರುತಿಸಿದ್ದಾರೆ.

ಪೂರ್ಣವಾಗಿ ಗುಣಪಡಿಸುವ ಔಷಧಿ ಇನ್ನೂ ಇಲ್ಲ. ನಿದ್ರೆ ಮತ್ತು ನೋವಿಗೆ ನೆರವಾಗುವ ಕೆಲವು ಮಾತ್ರೆಗಳಿವೆ. ಅವನ್ನು ವೈದ್ಯರೇ ಕೊಡಬೇಕು. ಥೈರಾಯ್ಡ್ ದೋಷ, ಜೀವಸತ್ತ್ವಗಳ ಕೊರತೆ, ಕೀಲುವಾತ ಇಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳುವುದೂ ಅವರ ಕೆಲಸ. ಸಂತೆಯ ದಿನ ಸೂಜಿ ಚುಚ್ಚಿಸಿಕೊಂಡು ಬರುವ ಅಭ್ಯಾಸವನ್ನು ಮಾತ್ರ ನಾನು ಬಲವಾಗಿ ವಿರೋಧಿಸುತ್ತೇನೆ. ಸ್ಟಿರಾಯ್ಡ್ ಈ ಕಾಯಿಲೆಗೆ ಔಷಧಿಯಲ್ಲ. ನೋವಿನ ಮಾತ್ರೆಗಳನ್ನು ದಿನವೂ ನುಂಗಿದರೆ ಹೊಟ್ಟೆ, ಮೂತ್ರಪಿಂಡಗಳು ಕೆಡುತ್ತವೆ. ಯೂರೋಪಿನ ತಜ್ಞರು 2016ರಲ್ಲಿ ಚಿಕಿತ್ಸೆಗಳನ್ನೆಲ್ಲ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದ್ದು ವ್ಯಾಯಾಮವೊಂದನ್ನೇ. ವ್ಯಾಯಾಮವೆಂದರೆ ಗದ್ದೆಯ ದುಡಿಮೆಯಲ್ಲ. ಮೊದಲ ವಾರ ಐದು ನಿಮಿಷದ ನಡಿಗೆ, ಅದು ಒಗ್ಗಿದ ಮೇಲೆ ಏಳು, ಹತ್ತು. ನಾನು ಹೇಳಿದ ತಾಯಿ ಈಗ ಅರ್ಧ ಕೊಡವನ್ನು ಎರಡು ಸಲ ತರುತ್ತಾರೆ. ಒಳ್ಳೆಯ ದಿನದಲ್ಲಿಯೂ ಅರ್ಧ ಕೊಡವೇ. ನೋವು ಹೋಗಿಲ್ಲ, ಆದರೆ ಚಾಪೆ ಹಿಡಿಯುವ ದಿನಗಳು ಕಡಿಮೆಯಾಗಿವೆ. ಈಗ ತುಂಬಿದ ಕೊಡವನ್ನು ಅವರ ಮಗ ಹೊರುತ್ತಾನೆ. ಇದನ್ನು ಬರೆಯಿರಿ ಎಂದು ಅವರೇ ಹೇಳಿದರು.

ಯೋಬನ ಗ್ರಂಥದಲ್ಲಿ ಮೂವರು ಗೆಳೆಯರು ಬಂದು ಏಳು ಹಗಲು ಏಳು ರಾತ್ರಿ ಮೌನವಾಗಿ ಅವನೊಡನೆ ನೆಲದ ಮೇಲೆ ಕುಳಿತರು. ಅಷ್ಟಕ್ಕೇ ಎದ್ದು ಹೋಗಿದ್ದರೆ ಒಳ್ಳೆಯ ಗೆಳೆಯರೆನಿಸಿಕೊಳ್ಳುತ್ತಿದ್ದರು. ಬಾಯಿ ತೆರೆದು, ನಿನ್ನ ನೋವಿಗೆ ನೀನೇ ಕಾರಣವೆಂದರು. ನಮ್ಮ ಬೀದಿಗಳಲ್ಲಿಯೂ ಅಂತಹ ಗೆಳೆಯರಿಗೆ ಬರವಿಲ್ಲ.

ಇನ್ನು ದೇವಾಲಯದ ಸಂಗತಿ. ಮೊಣಕಾಲೂರಲಾರದವರು ಪೂಜೆಯುದ್ದಕ್ಕೂ ಕುಳಿತಿರಬಹುದು. ಏಕೆಂದು ಪಕ್ಕದವರು ಕೇಳಕೂಡದು. ಪರಮಪ್ರಸಾದಕ್ಕೆ ಮುನ್ನ ಒಂದು ಗಂಟೆಯ ಉಪವಾಸವನ್ನು ಔಷಧಿ ಮುರಿಯುವುದಿಲ್ಲ. ಕಾಯಿಲೆಯವರಿಗೆ ಆ ಉಪವಾಸದ ಕಟ್ಟಳೆಯೂ ಇಲ್ಲ. ತಪಸ್ಸುಕಾಲದ ಶಿಲುಬೆ ಹಾದಿಯಲ್ಲಿ ಹದಿನಾಲ್ಕು ಸ್ಥಳಗಳನ್ನೂ ನಡೆಯಬೇಕಾಗಿಲ್ಲ, ಒಂದೆಡೆ ಕುಳಿತು ಪ್ರಾರ್ಥಿಸಬಹುದು. ಬಲಗಡೆಯ ಬಾಗಿಲ ಬಳಿ ಒರಗುವ ಬೆಂಚುಗಳನ್ನು ನಾಲ್ಕು ಸಾಲು ಹಾಕಿಸಿದ್ದೇವೆ. ಮುಂದಿನ ಭಾನುವಾರದಿಂದ ಯುವಕರು ಆ ಸಾಲುಗಳನ್ನು ದಯವಿಟ್ಟು ಬಿಟ್ಟುಕೊಡಬೇಕು.